ಒಂದು ತುತ್ತು, ಇಬ್ಬರ ಊಟ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದು ಕೇಳಿದ್ದಾಳೆ: “ಸರ್, ನಿಮ್ಮ ಕೆ.ಬಿ. ಬಡಾವಣೆಯಲ್ಲೇ ಇರುವ ಅಮ್ಮನಿಗೆ ದೇಹಕ್ಕೂ ಕರುಳಿನ ಸೂಕ್ಷ್ಮಜೀವಿಗಳಿಗೂ ಹಿತವೆಂಬ ಪುಡಿಯ ಡಬ್ಬಿ ಕಳಿಸುತ್ತಿದ್ದೇನೆ. ಅವರು ರಾತ್ರಿ ಊಟ ಬಿಟ್ಟು ಅದನ್ನೇ ಕುಡಿಯುತ್ತಿದ್ದಾರಂತೆ. ಅಷ್ಟೇ ಸಾಕಾದೀತೆ?” ಈ ಪ್ರಶ್ನೆ ಹಲವು ಮನೆಗಳದ್ದಾದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಹಿತಕರವಾದ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್. ಅಂಥವುಗಳಿಗೆ ಉಣಿಸಾಗುವ ನಾರಿನಂಥ ಪದಾರ್ಥ ಪ್ರಿಬಯಾಟಿಕ್. ಈ ಎರಡನೆಯ ಹೆಸರನ್ನು 1995ರಲ್ಲಿ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಬಳಕೆಗೆ ತಂದರು. ಎರಡೂ ಕೂಡಿದರೆ ಸಿನ್‌ಬಯಾಟಿಕ್. ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಆ ಬ್ಯುಟಿರೇಟೇ ಮುಖ್ಯ ಇಂಧನ. ಅವು ಉಂಡರೆ ನಾವೂ ಉಂಡಂತೆ!

ನಮ್ಮ ಸೀಮೆಯ ಊಟದಲ್ಲಿ ಇವೆರಡಕ್ಕೂ ಎಡೆಯಿದೆ. ಜೋಳದ ರೊಟ್ಟಿ, ಕಾಳಿನ ಪಲ್ಯಗಳಲ್ಲಿ ನಾರುಂಟು. ಹಸಿ ಈರುಳ್ಳಿಯಲ್ಲಿ ಇನ್ಯುಲಿನ್ ಎಂಬ ಪ್ರಿಬಯಾಟಿಕ್ ಉಂಟು. ಮನೆಯ ಮಜ್ಜಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯಾಗಳುಂಟು. ದಾವಣಗೆರೆಯ ಬೆಣ್ಣೆದೋಸೆಯ ಹಿಟ್ಟೂ ಹುದುಗಿದ್ದೇ; ಆದರೆ ಕಾದ ಕಾವಲಿಯ ಮೇಲೆ ಆ ಜೀವಿಗಳು ಉಳಿಯುವುದಿಲ್ಲ. ದೋಸೆಯನ್ನು ರುಚಿಗಾಗಿ ತಿನ್ನೋಣ.

ಹಾಗೆಂದು ಡಬ್ಬಿಯೆಲ್ಲ ಮೋಸವೆಂದು ನಾನು ಹೇಳಲಾರೆ. ವೈದ್ಯರು ಸೂಚಿಸಿದರೆ ಕೊಳ್ಳಬೇಕು, ಕೊಳ್ಳುವಾಗ ಓದಬೇಕು. ಪ್ರೋಬಯಾಟಿಕ್ ಆಹಾರದ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಜೀವಾಣುಗಳಿರಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ತಳಿಯ ಹೆಸರು, ಅವಧಿ ಮುಗಿಯುವ ದಿನಾಂಕ, ಸಕ್ಕರೆಯ ಪ್ರಮಾಣಗಳನ್ನೂ ನೋಡಬೇಕು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ, ನೀರಿನ ಜೊತೆಗೆ ಹೆಚ್ಚಿಸಬೇಕು. ರೋಗನಿರೋಧಕ ಶಕ್ತಿ ತೀರ ಕುಗ್ಗಿದವರು ವೈದ್ಯರನ್ನು ಕೇಳದೆ ಜೀವಾಣುಗಳ ಪುಡಿಯನ್ನು ಮುಟ್ಟಬಾರದು.

ಮಗಳೇ, ಆಹಾರಪೂರಕವೆಂಬ ಹೆಸರಿನಲ್ಲೇ ನಿನಗೆ ಉತ್ತರವಿದೆ. ಊಟವಿದ್ದರಲ್ಲವೆ ಅದಕ್ಕೆ ಪೂರಕ? ಚಮಚ ಪುಡಿಯಲ್ಲಿ ಒಂದು ಹೊತ್ತಿನ ಅನ್ನ, ಬೇಳೆ, ತರಕಾರಿಗಳ ಸತ್ವ ಬಾರದು. ಈ ವಯಸ್ಸಿನಲ್ಲಿ ಹೊತ್ತೂಟ ತಪ್ಪಿದರೆ ಮೈಯ ಕಸುವು ಬೇಗ ಇಳಿಯುತ್ತದೆ. ಅಮ್ಮ ಊಟವನ್ನೇಕೆ ಬಿಟ್ಟರೆಂದು ಮೊದಲು ವಿಚಾರಿಸು. ಹಲ್ಲು ನೋವೋ, ಹಸಿವಿಲ್ಲವೋ, ಒಬ್ಬರಿಗಾಗಿ ಒಲೆ ಹಚ್ಚುವ ಬೇಸರವೋ? ಹಲ್ಲಿನ ತೊಂದರೆಯಾದರೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಳ್ಳಲಿ. ಹಸಿವೇ ಇಲ್ಲವೆಂದರೆ ವೈದ್ಯರಿಗೆ ತೋರಿಸು. ಬೇಸರವಾದರೆ, ಮುಂದಿನ ಡಬ್ಬಿಯ ಹಣದಲ್ಲಿ ದಾವಣಗೆರೆಯ ರೈಲು ಹತ್ತಿ ಬಾ.