ಬೀರೂರು: ಕವಲೂ ಉಂಟು, ಕಾವಲೂ ಉಂಟು

ಬೆಂಗಳೂರಿನ ಕಡೆಯಿಂದ ಬಂದ ರೈಲುಹಳಿ ಬೀರೂರಿನಲ್ಲಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯತ್ತ ಸಾಗಿದರೆ, ಇನ್ನೊಂದು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗಕ್ಕೆ ಹೋಗುತ್ತದೆ. ಶಿವಮೊಗ್ಗದ ಕವಲು ತೆರೆದದ್ದು 1899ರಲ್ಲಿ. ಅಂದಿನಿಂದ ಬೀರೂರು ಎಂದರೆ ‘ಜಂಕ್ಷನ್’ ಎಂದೇ ಹೆಸರು. ಆರೇಳು ಕಿಲೋಮೀಟರಿನಾಚೆಯ ಕಡೂರೂ 2013ರಲ್ಲಿ ಚಿಕ್ಕಮಗಳೂರಿನ ಹಳಿ ಬಂದ ಮೇಲೆ ಜಂಕ್ಷನ್ ಆಯಿತು. ಎರಡು ಜಂಕ್ಷನ್‌ಗಳು ಇಷ್ಟು ಮಗ್ಗುಲಲ್ಲಿರುವುದು ಅಪರೂಪವೇ.

ಹಳಿ ಬರುವ ಮೊದಲೂ ಈ ಸೀಮೆ ನಾಡಿನ ಸಾರಿಗೆಯ ಭಾರ ಹೊತ್ತಿತ್ತು. ಪಡುವಣಕ್ಕೆ ಬಾಬಾಬುಡನ್ ಗಿರಿಯ ನೀಲಿ ಸಾಲು, ಮೂಡಣಕ್ಕೆ ಬಯಲುಸೀಮೆ. ನಡುವಿನ ಈ ಮಳೆ ಕಡಿಮೆಯ ನೆಲದಲ್ಲಿ ಹುಲ್ಲು ಸೊಗಸಾಗಿ ಬೆಳೆಯುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಕರೆದ. ಫಿರಂಗಿ, ಮದ್ದುಗುಂಡು, ದವಸಗಳನ್ನು ಎಳೆದು ಓಡುತ್ತಿದ್ದ ಈ ಉದ್ದ ಕೊಂಬಿನ ಎತ್ತುಗಳೇ ಅಂದಿನ ಸೇನೆಯ ಲಾರಿಗಳು. ಅವುಗಳಿಗೆಂದು ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಅವೇ ಕಾವಲುಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪೆಟ್ರೋಲ್ ಬಂಕುಗಳು!

ಈ ಕಾವಲುಗಳ ಕಥೆಯಲ್ಲಿ ಒಂದು ತಮಾಷೆಯಿದೆ. 1860ರಲ್ಲಿ ಬ್ರಿಟಿಷ್ ಆಡಳಿತ ಖರ್ಚು ಉಳಿಸಲೆಂದು ಅಮೃತಮಹಲ್ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತು ಸಿಗದಂತಾದಾಗ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಹುಡುಕಿ ಹುಡುಕಿ ಮಂದೆ ಕಟ್ಟಬೇಕಾಯಿತು. ಮಾರುವುದಕ್ಕೆ ಒಂದು ಆದೇಶ ಸಾಕಾಗಿತ್ತು. ಮತ್ತೆ ಕಟ್ಟುವುದಕ್ಕೆ ವರ್ಷಗಳೇ ಬೇಕಾದವು.

ಆ ತಳಿಯನ್ನು ಅಜ್ಜಂಪುರದ ಸಂವರ್ಧನ ಕೇಂದ್ರ ಇಂದಿಗೂ ಕಾಪಾಡಿಕೊಂಡು ಬಂದಿದೆ. ಕಾವಲುಗಳ ಪಾಡು ಬೇರೆ. ಹಿಂದೆ ಲಕ್ಷಗಟ್ಟಲೆ ಎಕರೆ ಇದ್ದವು. ಒತ್ತುವರಿಯಾಗಿ, ಮಂಜೂರಾಗಿ, ಉಳಿದದ್ದು ಅದರ ಸಣ್ಣ ಪಾಲು. ಮರವಿಲ್ಲದ ನೆಲ ಕಡತಗಳಲ್ಲಿ ಸುಲಭವಾಗಿ ‘ಬೀಳು’ ಎನಿಸಿಬಿಡುತ್ತದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ದನ ಕುರಿ ಮೇಯಿಸುವ ಹಳ್ಳಿಗರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಅದೃಷ್ಟ ಮಾತ್ರ ಬೇರೆಯಾಯಿತು. ಅಲ್ಲಿನ 736 ಹೆಕ್ಟೇರನ್ನು ಸರ್ಕಾರ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಮೊದಲ ಮಳೆಯ ನಂತರ ಅಲ್ಲಿ ಕೃಷ್ಣಮೃಗಗಳು ಮೇಯುವುದನ್ನು ಕಂಡ ಯಾವ ಮಗುವೂ ಅದನ್ನು ಬೀಳು ಎನ್ನಲಾರದು.

ಈ ನೆಲದ ಮೇಲೆಯೇ ಹೆದ್ದಾರಿಯೂ ಹಾಯುತ್ತದೆ. ಮೊದಲು 206 ಎಂಬ ಸಂಖ್ಯೆಯಿದ್ದ ತುಮಕೂರು–ಹೊನ್ನಾವರ ರಸ್ತೆಯ ಈ ಭಾಗಕ್ಕೆ ಈಗ 69 ಎಂಬ ಹೊಸ ಸಂಖ್ಯೆ. ತುಮಕೂರಿನಿಂದ ಶಿವಮೊಗ್ಗದವರೆಗೆ ಅದನ್ನು ನಾಲ್ಕು ಪಥಕ್ಕೆ ಅಗಲಗೊಳಿಸುವ ಕೆಲಸವನ್ನು ಹಂತ ಹಂತವಾಗಿ ಕೈಗೆತ್ತಿಕೊಳ್ಳಲಾಗಿದೆ. ರಸ್ತೆ ಅಗಲವಾಗಲಿ ಎಂದು ಕೇಳಿದವರು ಊರಿನವರೇ. ಕೊಬ್ಬರಿ, ಈರುಳ್ಳಿ ಹೊತ್ತ ಲಾರಿಗಳು ನಿಲ್ಲದೆ ಓಡಿದರೆ ಯಾರಿಗೆ ಬೇಡ? ಆದರೆ ಅದೇ ರಸ್ತೆಯನ್ನು ಬೆಳಗಿನ ಎಂಟೂವರೆಗೆ ಬೆನ್ನ ಮೇಲೆ ಚೀಲ ಹೊತ್ತ ಮಕ್ಕಳೂ ದಾಟಬೇಕು.

ಇದೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಬದಿಯ ಎರಡು ಪಥಗಳ ಅಗಲ ಏಳು ಮೀಟರು. ಸಣ್ಣ ಮಗು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ದಾಟಲು ಏಳು ಸೆಕೆಂಡು. ಗಂಟೆಗೆ 80 ಕಿಲೋಮೀಟರು ವೇಗದ ವಾಹನ ಅಷ್ಟರಲ್ಲಿ 155 ಮೀಟರು ಬಂದಿರುತ್ತದೆ. ತಿರುವಿನಲ್ಲಿ, ಮಂಜಿನಲ್ಲಿ, ನಿಂತ ಬಸ್ಸಿನ ಮರೆಯಲ್ಲಿ ಅಷ್ಟು ದೂರ ಕಾಣುವುದೆಲ್ಲಿಂದ? ಅದಕ್ಕೇ ಬಸ್ಸಿಳಿದವರು ಅದರ ಮುಂದಿನಿಂದ ಓಡದೆ, ಬಸ್ಸು ಹೊರಟ ಮೇಲೆ ದಾಟಬೇಕೆಂದು ಹಿರಿಯರು ಹೇಳುವುದು.

ಆದರೆ ಹೊಣೆಯನ್ನೆಲ್ಲ ಮಗುವಿನ ಮೇಲೆ ಹೊರಿಸುವುದು ನ್ಯಾಯವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದೇಶದ ಒಟ್ಟು ರಸ್ತೆಗಳಲ್ಲಿ ರಾಷ್ಟ್ರೀಯ ಹೆದ್ದಾರಿಗಳದ್ದು ನೂರಕ್ಕೆ ಎರಡರಷ್ಟು ಪಾಲು. ಸಾವಿನಲ್ಲಿ ಮಾತ್ರ ನೂರಕ್ಕೆ 36. ಸುಮಾರು 500 ಮೀಟರು ಉದ್ದದ ಜಾಗದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು ನಡೆದರೆ, ಇಲ್ಲವೇ ಹತ್ತು ಮಂದಿ ಸತ್ತರೆ ಅದನ್ನು ‘ಕಪ್ಪು ಚುಕ್ಕೆ’ ಎಂದು ಗುರುತಿಸುವ ನಿಯಮವಿದೆ. ನಾಲ್ಕು ಅಪಘಾತವಾದ ಊರು ಐದನೆಯದಕ್ಕೆ ಕಾಯಬೇಕೆ? ದೀಪ, ಕೆಳಸೇತುವೆ, ಹೆದ್ದಾರಿಯಿಂದ ಸರಿದು ನಿಲ್ಲುವ ಬಸ್ ತಂಗುದಾಣ – ಇವನ್ನು ರಸ್ತೆಯ ನಕ್ಷೆ ಕಾಗದದ ಮೇಲಿರುವಾಗಲೇ ಗ್ರಾಮಸಭೆಗಳಲ್ಲಿ ಕೇಳಿ ಬರೆಸಬೇಕು. ಟಾರು ಬಿದ್ದ ಮೇಲೆ ಕೇಳಿದರೆ ಸಿಗುವುದು ಹೆಚ್ಚೆಂದರೆ ಒಂದು ಬೋರ್ಡು. ಕಾವಲಿನ ದನ, ಜಿಂಕೆಗಳೂ ದಾಟುವ ಪ್ರಾಣಿಗಳೇ. ಅವು ಯಾವ ಸಭೆಗೂ ಬಂದು ಅರ್ಜಿ ಕೊಡಲಾರವು.

ಇನ್ನು ಬಸ್ಸು. ಊರ ಹೊರಗೆ ಬೈಪಾಸ್ ಬಂದಲ್ಲೆಲ್ಲ ವೇಗದೂತಗಳು ಊರೊಳಗೆ ಬರಲು ಒಲ್ಲವು. ಕತ್ತಲಲ್ಲಿ ಕೂಡುರಸ್ತೆಯಲ್ಲಿ ಇಳಿಸಿ ಹೊರಟುಬಿಡುತ್ತವೆ. ಕಾಲೇಜು ಬಿಟ್ಟ ಹುಡುಗಿಗೆ ಸಂಜೆಯ ಒಂದೇ ಒಂದು ಹಳ್ಳಿ ಬಸ್ಸು ತಪ್ಪಿದರೆ ಅವಳ ಓದೇ ಮನೆಯಲ್ಲಿ ಚರ್ಚೆಗೆ ಬರುತ್ತದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳ ಟಿಕೆಟ್ಟಿನ ಹಣ ಉಳಿಸಿತು ನಿಜ; ಆದರೆ ಅದು ಸರ್ಕಾರಿ ಬಸ್ಸು ಬರುವ ಹಳ್ಳಿಗೆ ಮಾತ್ರ.

ಇದೇ ಜಿಲ್ಲೆಯ ಕೊಪ್ಪದಲ್ಲಿ 1991ರಲ್ಲಿ, ಮುಚ್ಚಿದ ಖಾಸಗಿ ಕಂಪನಿಯೊಂದರ ಕಾರ್ಮಿಕರು ಸೇರಿ ‘ಸಹಕಾರ ಸಾರಿಗೆ’ ಕಟ್ಟಿದರು. ಚಾಲಕ, ನಿರ್ವಾಹಕರೇ ಒಡೆಯರು. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಬಿಟ್ಟರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು. ಡೀಸೆಲ್ ಬೆಲೆ, ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. 1866ರಲ್ಲಿ ಮಂದೆಯನ್ನಾದರೂ ಮತ್ತೆ ಕಟ್ಟಿದ್ದರು. ಇಲ್ಲಿ ಹಾಗೆ ಹುಡುಕಿ ತರುವವರು ಯಾರೂ ಬರಲಿಲ್ಲ.

ಬೀರೂರಿನ ಬಸ್ ನಿಲ್ದಾಣದಲ್ಲಿ ಸಂಜೆ ಐದರ ಮೇಲೆ ನಿಂತರೆ ಈ ಮಾತೆಲ್ಲ ತಾನಾಗಿ ಕಿವಿಗೆ ಬೀಳುತ್ತದೆ. ಸೀಟು ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ. “ನಮ್ಮೂರ ಬಸ್ಸು ಹೋಯ್ತಾ, ಇನ್ನೂ ಇದೆಯಾ?” ಎಂಬುದಷ್ಟೇ ಅವರ ಪ್ರಶ್ನೆ.