ಕೂರಿಗೆಯ ಜೀರ್ಣೋದ್ಧಾರ

ಹೊಸತನ್ನು ನಿರ್ಮಿಸುವವನಿಗೆ ಲೋಕದಲ್ಲಿ ಸಲ್ಲುವ ಮಾನ್ಯತೆಯ ಶತಾಂಶವೂ ಹಳತನ್ನು ಸರಿಪಡಿಸುವವನಿಗೆ ಸಲ್ಲುವುದಿಲ್ಲ. ದೇವಾಲಯವನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುವುದೇ ಹೊರತು, ಅದರ ಕದದ ತಿರುಗಣಿ ಸಡಿಲಗೊಂಡಾಗ ಬಂದು ಬಿಗಿಮಾಡಿದ ಬಡಿಗನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆದರೂ ದುರಸ್ತಿಯಲ್ಲಿ ನಿರ್ಮಾಣದಲ್ಲಿಲ್ಲದ ಒಂದು ಸುಖವುಂಟು. ವೃತ್ತಿಯಿಂದ ಬಡಿಗನಲ್ಲದ ನಾನು, ಕಲಬುರಗಿಯ ನಮ್ಮ ಮನೆಯ ಹಿತ್ತಲಿನ ಬೇವಿನ ನೆರಳಿನಲ್ಲಿ ಬಾಚಿ, ಉಳಿ, ಕೊಡತಿಗಳನ್ನು ಹರಡಿಕೊಂಡು ಕುಳಿತೆನೆಂದರೆ, ಊಟಕ್ಕೆ ಕರೆದವರ ದನಿ ಎರಡನೆಯ ಸಲಕ್ಕೆ ಕೇಳಿಸಿದರೆ ಅದೇ ಹೆಚ್ಚು. ಈ ಬೇಸಗೆಯಲ್ಲಿ ನನ್ನ ಪಾಲಿಗೆ ಬಂದದ್ದು, ಕಮಲಾಪುರದ ಮಿತ್ರರೊಬ್ಬರ ಕೊಟ್ಟಿಗೆಯ ಅಟ್ಟದಲ್ಲಿ ಬಹುಕಾಲದಿಂದ ಮಲಗಿದ್ದ ನಾಲ್ಕು ತಾಳಿನ ಹಳೆಯ ಕೂರಿಗೆ.

ಹುಮನಾಬಾದಿನ ದಾರಿ ಹಿಡಿದು ಹೋಗುವವರು ಕಮಲಾಪುರವನ್ನು ಅದರ ಕೆಂಪು ಬಾಳೆಹಣ್ಣಿನಿಂದ ಗುರುತಿಸುವುದು ವಾಡಿಕೆ. ಬಾಳೆಯ ತೋಟಗಳನ್ನು ದಾಟಿ ಬಯಲಿಗೆ ಬಂದರೆ ಮಾತ್ರ ತೊಗರಿ ಜೋಳಗಳದ್ದೇ ರಾಜ್ಯ. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದನ್ನು ನಮ್ಮವರು ಅಭಿಮಾನದಿಂದ ಹೇಳಿಕೊಳ್ಳುವರು. ಆ ಬೆಳೆಗಳ ಬೀಜವನ್ನು ಸಾಲು ತಪ್ಪದಂತೆ, ಹಸಿಯಿರುವ ಆಳಕ್ಕೆ ಇಳಿಸಿ ಬಿತ್ತುತ್ತಿದ್ದ ಸಾಧನವೇ ಕೂರಿಗೆ. ಅಡ್ಡಲಾಗಿ ಒಂದು ದಿಂಡು, ಅದಕ್ಕೆ ನಾಟಿದ ತಾಳುಗಳು, ತಾಳುಗಳ ತುದಿಗೆ ಕಬ್ಬಿಣದ ಕುಡ, ಮುಂದಕ್ಕೆ ನೊಗದವರೆಗೆ ಚಾಚಿದ ಈಸು, ಮೇಲೆ ಬೀಜ ಬಿಡುವ ಮರದ ಬಟ್ಟಲು, ಬಟ್ಟಲಿನಿಂದ ಪ್ರತಿಯೊಂದು ತಾಳಿಗೂ ಇಳಿದ ಬಿದಿರಿನ ಕೊಳವೆ: ಇಷ್ಟೇ ಅದರ ಸಂಸಾರ. ಇಂಗ್ಲೆಂಡಿನ ಜೆಥ್ರೊ ಟಲ್ ಎಂಬಾತನು 1701ರಲ್ಲಿ ಬಿತ್ತನೆಯ ಯಂತ್ರವನ್ನು ರಚಿಸಿ ಖ್ಯಾತನಾದನು. ಅದೇ ಶತಮಾನದ ಅಂತ್ಯಭಾಗದಲ್ಲಿ ಕ್ಯಾಪ್ಟನ್ ಹ್ಯಾಲ್ಕಾಟ್ ಎಂಬ ಆಂಗ್ಲ ಅಧಿಕಾರಿಯು ದಕ್ಷಿಣ ಭಾರತದ ರೈತರ ಹೊಲಗಳಲ್ಲಿ ಕೂರಿಗೆಯನ್ನು ಕಂಡು, ಯೂರೋಪಿನ ನೂತನ ಶೋಧವೆಂದು ತಾನು ಭಾವಿಸಿದ್ದ ವಿದ್ಯೆ ಇಲ್ಲಿ ಸಾಮಾನ್ಯ ಒಕ್ಕಲಿಗನ ಕೈಯಲ್ಲಿರುವುದಕ್ಕೆ ಬೆರಗಾಗಿ ಸ್ವದೇಶಕ್ಕೆ ಬರೆದು ತಿಳಿಸಿದನು. ಅಷ್ಟು ಹಿರಿಯ ಮನೆತನದ ವಸ್ತುವು ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿರುವುದಕ್ಕೆ ಟ್ರ್ಯಾಕ್ಟರನ್ನು ಹಳಿದು ಪ್ರಯೋಜನವಿಲ್ಲ. ಎತ್ತು ಸಾಕುವ ಕಷ್ಟವನ್ನು ಅರಿತವರು ಆ ಮಾತನ್ನು ಆಡಲಾರರು.

ಕೂರಿಗೆಯನ್ನು ಕೆಳಗಿಳಿಸಿ ಒರಸಿ ನೋಡಲಾಗಿ, ಈಸು ದಿಂಡಿಗೆ ಸೇರುವ ಎಡೆಗಿಂತ ಎರಡು ಮೊಳ ಮುಂದೆ ಉದ್ದಕ್ಕೆ ಸೀಳಿ ಮುರಿದಿದ್ದಿತು. ಒಂದು ತಾಳು ತನ್ನ ತೂತಿನಲ್ಲಿ ಅಲುಗಾಡುತ್ತಿದ್ದಿತು. ಕೊಳವೆಗಳಲ್ಲಿ ಎರಡನ್ನು ಹುಳು ತಿಂದಿದ್ದಿತು. ನಾನು ಕೂಡಲೆ ಉಳಿಯನ್ನು ಹಿಡಿಯಲಿಲ್ಲ. ಹಳೆಯ ಗ್ರಂಥದ ಅಂಚಿನಲ್ಲಿ ಅಜ್ಞಾತ ಓದುಗನೊಬ್ಬನು ಬರೆದಿಟ್ಟ ಟಿಪ್ಪಣಿಯನ್ನು ಓದುವಂತೆ, ಹಳೆಯ ಮರದಲ್ಲಿ ಹಿಂದಿನವರ ಕೈಯನ್ನು ಮೊದಲು ಓದಬೇಕು. ದಿಂಡಿನ ಕೆಳಮೈಯಲ್ಲಿ ಬಾಚಿಯ ಗುರುತುಗಳು ಇನ್ನೂ ಅಳಿದಿರಲಿಲ್ಲ. ಅವೆಲ್ಲವೂ ನನ್ನ ಕೈಗೆ ಸಹಜವಾದ ದಿಕ್ಕಿಗೆ ವಿರುದ್ಧವಾಗಿ ಓರೆಯಾಗಿದ್ದುದರಿಂದ, ಇದನ್ನು ಕೆತ್ತಿದವನು ಎಡಚನಾಗಿದ್ದಿರಬೇಕೆಂದು ಊಹಿಸಿದೆನು. ತಾಳಿನ ಬೆಣೆಯನ್ನು ಹೊರದೆಗೆದಾಗ ಇನ್ನೊಂದು ಚಮತ್ಕಾರ ಕಂಡಿತು. ದಿಂಡಿನ ತೂತೂ ತಾಳಿನ ತೂತೂ ಒಂದೇ ನೇರಕ್ಕೆ ಇರಲಿಲ್ಲ. ತಾಳಿನದು ಜೋಳದ ಕಾಳಿನಷ್ಟು ಒಳಕ್ಕೆ ಸರಿದಿದ್ದಿತು. ನೋಡಿದವರಿಗೆ ಅದು ಅಳತೆಯ ದೋಷವೆಂದು ತೋರಬಹುದು. ಆದರೆ ಮೊನಚು ಮಾಡಿದ ಬೆಣೆಯನ್ನು ಕೊಡತಿಯಿಂದ ಹೊಡೆದಂತೆಲ್ಲ ಅದು ಆ ವಕ್ರತೆಯನ್ನು ನೇರಗೊಳಿಸಲೆಳಸಿ ತಾಳನ್ನು ದಿಂಡಿನೊಳಕ್ಕೆ ಎಳೆದುಕೊಳ್ಳುತ್ತದೆ. ಮೊಳೆಯಿಲ್ಲದೆ, ಅಂಟಿಲ್ಲದೆ ಸಂದು ಬಿಗಿಯುತ್ತದೆ. ಆ ಎಡಚನು ಅಕ್ಷರ ಬಲ್ಲವನಾಗಿದ್ದನೋ ಇಲ್ಲವೋ, ಸುಗ್ಗಿಯಲ್ಲಿ ಆಯದ ಕಾಳನ್ನು ಪಡೆದು ಬಾಳಿದ ಊರ ಬಡಿಗನಿದ್ದಿರಬಹುದು. ಅವನ ವಿದ್ಯೆಗೆ ನಾನು ಅಲ್ಲಿಯೇ ಕೈಮುಗಿದೆನು.

ಮುರಿದ ಈಸನ್ನು ಎಸೆದು ಹೊಸ ಜಾಲಿಯ ಕೊಂಬೆಯನ್ನು ತರುವುದು ಸುಲಭವಾಗಿದ್ದಿತು. ಆದರೆ ಅದರ ಮುಂಭಾಗ, ನೊಗದ ಮಿಣಿ ತಿಕ್ಕಿ ತಿಕ್ಕಿ ನುಣುಪಾದ ಆ ತುದಿ, ಇನ್ನೂ ಗಟ್ಟಿಯಾಗಿದ್ದಿತು. ಆದಕಾರಣ ಹಾಯಿದೋಣಿಗಳ ಕೂವೆಮರವನ್ನು ಬೆಸೆಯುವವರ ಕ್ರಮವನ್ನು ಅನುಸರಿಸಿದೆನು. ಕಲಬುರಗಿಯ ಎರೆಯ ಬಯಲಿಗೂ ಹಾಯಿದೋಣಿಗೂ ಏನು ನಂಟೆಂದು ಕೇಳಬಹುದು. ಗಾಳಿ ಹಾಯಿಯ ಮೂಲಕ ಕೂವೆಯನ್ನು ಬಗ್ಗಿಸುವುದಕ್ಕೂ, ಕುಡವು ಬೇರಿಗೆ ಸಿಕ್ಕಿದಾಗ ಎತ್ತುಗಳು ಈಸನ್ನು ಜಗ್ಗುವುದಕ್ಕೂ ಮರದ ದೃಷ್ಟಿಯಲ್ಲಿ ಬಹಳ ಅಂತರವಿಲ್ಲ. ಎರಡು ತುಂಡುಗಳನ್ನು ಅಡ್ಡಕ್ಕೆ ಕೊಯ್ದು ಮುಖಕ್ಕೆ ಮುಖ ಒತ್ತಿದರೆ ಅವು ನಿಲ್ಲವು, ಏಕೆಂದರೆ ಎಳೆಗಳ ತುದಿಗಳು ಒಂದನ್ನೊಂದು ಹಿಡಿಯಲಾರವು. ಎರಡನ್ನೂ ದೀರ್ಘವಾದ ಓರೆಯಲ್ಲಿ ಚೆತ್ತಿದರೆ ಎಳೆಗಳು ಪಕ್ಕಪಕ್ಕಕ್ಕೆ ಒರಗಿ ಭಾರವನ್ನು ಹಂಚಿಕೊಳ್ಳುವುವು. ದಪ್ಪದ ಎಂಟರಷ್ಟಾದರೂ ಓರೆಯ ಉದ್ದವಿರಬೇಕೆಂಬುದು ದೋಣಿಯವರ ನಿಯಮ. ಕೆಲವರು ಕೂವೆಗೆ ಹನ್ನೆರಡರಷ್ಟನ್ನು ಬಯಸುವರು. ಮೂರು ಅಂಗುಲ ದಪ್ಪದ ನನ್ನ ಈಸಿಗೆ ಎರಡು ಅಡಿಯ ಓರೆ ಬೇಕಾಯಿತು. ಹಳೆಯ ತುಂಡಿನ ಓರೆಗೆ ಮಸಿ ಬಳಿದು ಹೊಸದರ ಮೇಲೆ ಒತ್ತುವುದು, ಮಸಿ ಹತ್ತಿದ ಉಬ್ಬುಗಳನ್ನು ಮಾತ್ರ ಉಳಿಯಿಂದ ಕೆರೆಯುವುದು, ಮತ್ತೆ ಒತ್ತುವುದು. ಉಬ್ಬುಗಳು ಸವೆದಂತೆ ಮಸಿಯ ಚುಕ್ಕೆಗಳು ಬೆಳೆದು ಕೊನೆಗೆ ಓರೆಯ ಮೈತುಂಬ ಸಮನಾಗಿ ಹರಡಿಕೊಂಡಾಗ ಉಂಟಾಗುವ ಸಂತೋಷವು ಸಣ್ಣದೆಂದು ಹೇಳುವವನು ಅದನ್ನು ಕಂಡವನಲ್ಲ. ದೋಣಿಯವರು ಇಲ್ಲಿ ಅಂಟನ್ನು ಬಳಿಯುವರು. ನಾನು ಜಾಲಿಯ ಬೆಣೆಗಳನ್ನು ತೂರಿಸಿ, ಎರಡು ಕಡೆ ಕಬ್ಬಿಣದ ಬಳೆಗಳನ್ನು ಏರಿಸಿದೆನು.

ಇಂತಹ ಕೆಲಸಕ್ಕೆ ನಮ್ಮ ಊರಿನ ಬೇಸಗೆಯೇ ಪ್ರಶಸ್ತವಾದ ಕಾಲ. ಹೋಳಿ ಹುಣ್ಣಿಮೆಯಾಗಿ ಶರಣಬಸವೇಶ್ವರರ ತೇರು ಸಾಗಿದ ಬಳಿಕ ಬಿಸಿಲು ಬಲಿಯುತ್ತದೆ. ಮರವು ತನ್ನ ನೀರನ್ನೆಲ್ಲ ಬಿಟ್ಟುಕೊಟ್ಟು ಕೃಶವಾಗುತ್ತದೆ. ಹಾಗೆ ಒಣಗಿದಾಗ ಬಿಗಿದ ಸಂದು, ಮೃಗಶಿರಾ ಮಳೆಯ ತೇವಕ್ಕೆ ಉಬ್ಬಿ, ಬಿತ್ತುವ ಸಮಯಕ್ಕೆ ತಾನಾಗಿಯೇ ಮತ್ತಷ್ಟು ಬಿಗಿಯುತ್ತದೆ. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತ, ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಉಣಬಿಟ್ಟ ಆ ಶರಣರ ಜಾತ್ರೆಯು ಉಪಕರಣಗಳನ್ನು ಅಟ್ಟದಿಂದ ಇಳಿಸುವ ಕಾಲಕ್ಕೇ ಬರುವುದು ನನಗೆ ಉಚಿತವೆಂದೇ ತೋರುತ್ತದೆ.

ಕೊಳವೆಗಳ ಕೆಲಸ ಕಿವಿಯದು. ಬಿದಿರಿನ ಗಿಣ್ಣುಗಳನ್ನು ಕಾದ ಕಂಬಿಯಿಂದ ಚುಚ್ಚಿ ತೆರೆದಮೇಲೆ, ಒಳಗೆ ಒಂದು ಎಳೆ ಎದ್ದಿದ್ದರೂ ಬೀಜ ಅಲ್ಲಿ ತಡೆದು, ಹೊಲದಲ್ಲಿ ಅಷ್ಟುದ್ದ ಸಾಲು ಬೋಳಾಗುವುದು. ಕೊಳವೆಯನ್ನು ಓರೆಯಾಗಿ ಹಿಡಿದು ಜೋಳ ಸುರಿದು ಆಲಿಸಬೇಕು: ದನಿ ಒಂದೇ ಸಮನಾಗಿ ಜಾರಿದರೆ ಸರಿ, ನಡುವೆ ತೊದಲಿದರೆ ಮತ್ತೆ ಕಂಬಿ ಕಾಯಿಸಬೇಕು.

ಕಡೆಯದಾಗಿ ಎಣ್ಣೆ. ನಮ್ಮ ಹಿಂಗಾರಿಯ ಹೊಲಗಳಲ್ಲಿ ನೀಲಿಯ ಹೂ ಬಿಡುವ, ಹಿಂಡಿಯಾಗಿ ರೊಟ್ಟಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಅಗಸೆಯ ಎಣ್ಣೆಯನ್ನೇ ಜಗತ್ತಿನ ನಾವಿಕರು ಶತಮಾನಗಳಿಂದ ಕೂವೆಮರಗಳಿಗೆ ಸವರುತ್ತ ಬಂದಿರುವರು. ಅದು ಉಳಿದ ಎಣ್ಣೆಗಳಂತೆ ಜಿಡ್ಡಾಗಿಯೇ ಉಳಿಯದೆ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಆ ಕ್ರಿಯೆಯಲ್ಲಿ ಶಾಖವೂ ಹುಟ್ಟುವುದರಿಂದ, ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸುಟರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸುವುದು ಕ್ಷೇಮ.

ಕೂರಿಗೆ ಈಗ ಕಮಲಾಪುರಕ್ಕೆ ಮರಳಿದೆ. ಟ್ರ್ಯಾಕ್ಟರು ತಿರುಗಲಾರದ ಒಂದು ಮೂಲೆಯ ತುಂಡುಹೊಲವನ್ನು ಮಿತ್ರರು ಅದಕ್ಕೆ ಮೀಸಲಿಟ್ಟಿರುವರು. ಅಂಟನ್ನು ಹಾಕಿದ್ದರೆ ಈಸು ಇನ್ನೂ ಬಲವಾಗುತ್ತಿತ್ತಲ್ಲ ಎಂದು ಅವರು ಕೇಳಿದರು. ನಿಜವೇ. ಆದರೆ ಆ ಎಡಚನು ತನ್ನ ಬೆಣೆಯನ್ನು ಹಿಂದಿನಿಂದ ಹೊಡೆದು ತೆಗೆಯಬರುವಂತೆ ಬಿಟ್ಟಿದ್ದರಿಂದಲೇ ನಾನು ಅವನ ವಿದ್ಯೆಯನ್ನು ಓದಿದೆನು, ಅವನ ದಿಂಡು ಉಳಿಯಿತು. ಬಿಚ್ಚಲಾಗದ ದುರಸ್ತಿಯು ಮುಂದಿನವನ ಕೈಯನ್ನು ಕಟ್ಟಿಹಾಕುವ ದುರಸ್ತಿ. ಆದುದರಿಂದ ನನ್ನ ಬೆಣೆಗಳ ತುದಿಗಳನ್ನೂ ಅರ್ಧ ಅಂಗುಲ ಹೊರಚಾಚಿ ಬಿಟ್ಟಿರುವೆನು. ಮುಂದೆಂದೋ ಅದನ್ನು ಬಿಚ್ಚುವವನು ನನ್ನ ಉಳಿಯ ಗುರುತುಗಳನ್ನು ನೋಡಿ, ಇವನಾವನೋ ಪೇಟೆಯವನು ಎಂದು ನಕ್ಕರೂ ನನಗೆ ಬೇಸರವಿಲ್ಲ. ಬಿಚ್ಚುವುದಕ್ಕೆ ಅವನು ಗರಗಸ ಹುಡುಕುವಂತಾಗದಿದ್ದರೆ ಸಾಕು.