ಕೊಲ್ಹಾರದ ಎರಿಮಣ್ಣಿನಲ್ಲಿ ಒಂದು ಸಂಜೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವಾಗ ಕೃಷ್ಣೆಯ ಉದ್ದನೆಯ ಸೇತುವೆ ದಾಟಿದರೆ ಕೊಲ್ಹಾರ ಸಿಗುತ್ತದೆ. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ಊರು. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಈಗಿನದು ಪುನರ್ವಸತಿಯ ಊರು. ಆ ನೀರನ್ನು ಹತ್ತಿರದಿಂದ ನೋಡಬೇಕೆಂದು ಮಕ್ಕಳು ಹಟ ಹಿಡಿದರು. ನಮ್ಮವರು ಕಾರನ್ನು ಹೊಲದ ದಾರಿಗೆ ತಿರುಗಿಸಿದರು.

ಹಿಂದಿನ ರಾತ್ರಿ ಮಳೆಯಾಗಿತ್ತು. ಈ ಭಾಗದ ಎರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಮುಂದಿನ ಚಕ್ರಗಳೆರಡೂ ಹೂತುಹೋದವು. ಎಕ್ಸಲರೇಟರ್ ಒತ್ತಿದಷ್ಟೂ ಇನ್ನಷ್ಟು ಕೆಳಗೆ!

ಟ್ರ್ಯಾಕ್ಟರ್‌ನವರೊಬ್ಬರು ಬಂದರು. ನಮ್ಮವರು ಹಗ್ಗವನ್ನು ಬಂಪರ್‌ಗೆ ಸುತ್ತತೊಡಗಿದಾಗ ಅವರು ನಕ್ಕರು. "ಸಾಹೇಬ್ರ, ಅಲ್ಲಿ ಕಟ್ಟಿದ್ರ ಬಂಪರ್ ಅಷ್ಟ ಬರ್ತದ, ಗಾಡಿ ಇಲ್ಲೇ ಇರ್ತದ್ರಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಹುಡುಗರನ್ನ ದೂರ ಕರ್ಕೊಂಡು ಹೋಗ್ರಿ" ಎಂದರು. ನನ್ನ ಕಿರಿಯ ಮಗ ಹಗ್ಗದ ಪಕ್ಕದಲ್ಲೇ ಕುಳಿತು ಆಡುತ್ತಿದ್ದ. ನೆನೆದರೆ ಈಗಲೂ ಎದೆ ನಡುಗುತ್ತದೆ. ಬಿಗಿದ ಹಗ್ಗ ಹರಿದರೆ ಅದರ ತುದಿ, ಕೊಕ್ಕೆ ಕಳಚಿದರೆ ಆ ಕಬ್ಬಿಣ, ಗುಂಡಿನಂತೆ ಹಾರಿಬರುತ್ತದೆ. ಆಸ್ಟ್ರೇಲಿಯಾದಲ್ಲಿ ಟ್ರೇಲರ್ ಜೋಡಿಸುವ ಗುಂಡಿಗೆ ಹಗ್ಗ ಹಾಕಿ ಎಳೆಯುವಾಗ ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಹಗ್ಗ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ಹಗ್ಗವನ್ನಂತೂ ಯಾರೂ ದಾಟಬಾರದು. ಅದರ ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿದರೆ ಹರಿದಾಗಿನ ಹೊಡೆತ ತಗ್ಗುತ್ತದೆ.

ಹಾಗಾದರೆ ಎಲ್ಲಿ ಕಟ್ಟಬೇಕು? ಅನೇಕ ಕಾರುಗಳ ಬಂಪರ್‌ನಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಮುಚ್ಚಳವಿರುತ್ತದೆ. ಅದರ ಹಿಂದೆ ತಿರುಪಿನ ರಂಧ್ರ. ಅದಕ್ಕೆ ಹಾಕುವ ಕಬ್ಬಿಣದ ಕೊಂಡಿ ಡಿಕ್ಕಿಯಲ್ಲಿ ಜ್ಯಾಕ್‌ನ ಜೊತೆ ಮಲಗಿರುತ್ತದೆ. ಆರು ವರ್ಷ ಕಾರು ಇಟ್ಟುಕೊಂಡ ನಮಗೆ ಅದು ಅಲ್ಲಿದೆಯೆಂದೇ ಗೊತ್ತಿರಲಿಲ್ಲ! ಕೊನೆಯ ಸುತ್ತಿನವರೆಗೆ ತಿರುಗಿಸಿ ಚಕ್ರದ ಪಾನಾದಿಂದ ಬಿಗಿ ಮಾಡಬೇಕು. ಆದರೂ ಅದು ನೇರವಾಗಿ, ನಿಧಾನವಾಗಿ ಎಳೆಯಲು ಮಾತ್ರ. ಓರೆಯಾಗಿ ಜಗ್ಗಿದರೆ, ಜರ್ಕ್ ಕೊಟ್ಟರೆ ಮುರಿಯುತ್ತದೆ. ಜೀಪಿನಂಥ ಗಾಡಿಗಳಲ್ಲಿ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಕೊಕ್ಕೆ ಇರುವುದುಂಟು. ಸ್ಟೀರಿಂಗ್ ರಾಡು, ಆಕ್ಸಲ್, ಚಕ್ರದ ತೋಳುಗಳಿಗೆ ಹಗ್ಗ ಬೇಡ.

ಆ ಹಿರಿಯರು ತಮ್ಮ ಟ್ರ್ಯಾಕ್ಟರ್‌ಗೂ ಹಗ್ಗವನ್ನು ಕೆಳಗಿನ ಹುಕ್ಕಿಗೇ ಹಾಕಿದರು. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಮುಂಭಾಗ ಎದ್ದು ಟ್ರ್ಯಾಕ್ಟರ್ ಹಿಮ್ಮೊಗವಾಗಿ ಮಗುಚುತ್ತದಂತೆ. ಮೊದಲು ಚಕ್ರದ ಮುಂದಿನ ಕೆಸರನ್ನು ಸಲಿಕೆಯಿಂದ ತೆಗೆಸಿದರು, ಜೋಳದ ಕಣಿಕೆ ಹಾಸಿಸಿದರು. ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ನಾವೆಲ್ಲ ದೂರ ನಿಂತೆವು. ಎರಡೇ ನಿಮಿಷಕ್ಕೆ ಕಾರು ಮೇಲೆ ಬಂತು.

ಹಣ ಕೊಡಹೋದರೆ ಅವರು ಮುಟ್ಟಲಿಲ್ಲ. ಹಿನ್ನೀರು ಅಂದು ದೂರದಿಂದಲೇ ಕಂಡಿತು. ಹೆದ್ದಾರಿಗೆ ಬಂದು ಒಂದು ಗಡಿಗೆ ಮೊಸರು ಕೊಂಡೆವು. ಮನೆಗೆ ಬಂದಾಗಲೂ ಆ ಕೊಂಡಿ ಕೆಸರು ಮೆತ್ತಿಕೊಂಡು ನನ್ನ ಕೈಚೀಲದಲ್ಲೇ ಇತ್ತು.